ತಿಮಿಂಗಿಲದ ಪಕ್ಕೆಲುಬು

ಬಸ್ಸಿನಲ್ಲಿ ಹಾಡು ಹಾಕಿದರೆ ನನ್ನ ಬಲಗೈಯ ತೋರುಬೆರಳು ತಾನಾಗಿಯೇ ಮೇಲೇಳುತ್ತದೆ. ‘ಹಾಂ, ಈಗ ಬಂತಲ್ಲ, ಅದು ಕ್ಲಾರಿಯೋನೆಟ್’ ಎಂದು ಪಕ್ಕದಲ್ಲಿ ಕೂತವರಿಗೆ ಹೇಳಿಬಿಡುತ್ತೇನೆ. ಅವರು ಕೇಳಿರುವುದಿಲ್ಲ. ಕೆಲವರು ನಗುತ್ತಾರೆ, ಕೆಲವರು ಕಿಟಕಿಯ ಕಡೆ ತಿರುಗುತ್ತಾರೆ. ಹೋದ ತಿಂಗಳು ಒಬ್ಬಾಕೆ ತನ್ನ ತರಕಾರಿ ಚೀಲವನ್ನು ನಮ್ಮಿಬ್ಬರ ನಡುವೆ ಎತ್ತಿಟ್ಟುಕೊಂಡಳು. ಎಪ್ಪತ್ತು ದಾಟಿದ ಮುದುಕನೊಬ್ಬ ಬೆರಳೆತ್ತಿಕೊಂಡು ಗಾಳಿಯಲ್ಲಿ ವಾದ್ಯ ಹುಡುಕುತ್ತಿದ್ದರೆ ಯಾರಾದರೂ ಮಾಡುವುದು ಅದನ್ನೇ.

ಮನೆಯಲ್ಲಿ ನನ್ನ ಹೆಂಡತಿ ಈ ಬೆರಳಿಗೆ ಆಂಟೆನಾ ಎಂದು ಹೆಸರಿಟ್ಟಿದ್ದಾಳೆ. ಟೀವಿಯ ಮುಂದೆ ಅದು ಎದ್ದರೆ ಸಾಕು, ಇಳಿಸಿಕೊಳ್ಳಿ, ಸಿಡಿಲು ಬಡೀತದೆ ಅನ್ನುತ್ತಾಳೆ.

ಈ ಬೆರಳಿನಿಂದ ನಾನು ಮಾಡಿದ ಒಂದು ತಪ್ಪನ್ನು ಹೇಳಿಕೊಳ್ಳಬೇಕೆಂದೇ ಇದನ್ನು ಬರೆಯಲು ಕೂತಿದ್ದೇನೆ. ಆದರೆ ನೇರವಾಗಿ ತಪ್ಪಿನ ಬಾಗಿಲಿಗೇ ಹೋಗಿ ನಿಲ್ಲುವಷ್ಟು ಧೈರ್ಯ ನನಗಿಲ್ಲ. ಸ್ವಲ್ಪ ಸುತ್ತು ಹಾಕಿಕೊಂಡು ಹೋಗುತ್ತೇನೆ, ನೀವು ಜೊತೆಗೆ ಬನ್ನಿ.

ಸಾಗರದಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿಯಿತ್ತು. ಹಲಗೆ ಬಾಗಿಲಿನ, ಉದ್ದಕ್ಕಿಂತ ಎತ್ತರವೇ ಹೆಚ್ಚಾಗಿದ್ದ ಅಂಗಡಿ. ಖಾಲಿ ಕ್ಯಾಸೆಟ್ ತಂದುಕೊಟ್ಟರೆ ಬೇಕಾದ ಹಾಡು ತುಂಬಿಸಿ ಕೊಡುವುದು ನನ್ನ ಕಸುಬು. ಎಸ್ಸೆಸ್ಸೆಲ್ಸಿಯಾದ ಮೇಲೆ ರೇಡಿಯೋ ರಿಪೇರಿ ಕಲಿತಿದ್ದೆ. ಓದು ಅಲ್ಲಿಗೇ ನಿಂತಿತ್ತು. ಭಾವಗೀತೆ, ಯಕ್ಷಗಾನ, ಸಿನಿಮಾ ಹಾಡು ಇವೇ ಹೆಚ್ಚು ಹೋಗುತ್ತಿದ್ದವು. ಇವುಗಳ ನಡುವೆ ಒಂದು ಚಿಕ್ಕ ಪೆಟ್ಟಿಗೆಯಲ್ಲಿ ‘ಇಂಗ್ಲಿಷ್’ ಎಂದು ಬರೆದಿಟ್ಟಿದ್ದೆ. ಜೋಗ ನೋಡಲು ಬಂದ ಒಬ್ಬ ಉದ್ದ ಕೂದಲಿನ ವಿದೇಶಿಯವನು ಬಸ್ಸು ತಪ್ಪಿಸಿಕೊಂಡು ನನ್ನ ಅಂಗಡಿಯ ಬೆಂಚಿನ ಮೇಲೆ ಅರ್ಧ ದಿನ ಕಳೆದು, ಹೋಗುವಾಗ ಐದು ಕ್ಯಾಸೆಟ್ ಬಿಟ್ಟು ಹೋಗಿದ್ದ. ಬದಲಿಗೆ ಒಂದು ಯಕ್ಷಗಾನ ಪ್ರಸಂಗ ಒಯ್ದ. ಅವನ ಊರಿನಲ್ಲಿ ಯಾರಾದರೂ ಬೆರಳೆತ್ತಿ ಇದು ಚಂಡೆ ಎಂದು ಹೇಳಿದರೋ ಇಲ್ಲವೋ ಗೊತ್ತಿಲ್ಲ.

ಆ ಐದು ಕ್ಯಾಸೆಟ್ಟುಗಳಿಂದ ನನಗೆ ರಾಕ್ ಸಂಗೀತದ ಹುಚ್ಚು ಹಿಡಿಯಿತು. ಪದಗಳು ಒಂದೂ ತಿಳಿಯುತ್ತಿರಲಿಲ್ಲ. ತಿಳಿಯದ್ದರಿಂದಲೇ ಕಿವಿ ಪೂರ್ತಿ ವಾದ್ಯಗಳ ಮೇಲೆ ಬಿತ್ತು. ಗಿಟಾರು, ಡ್ರಮ್ಮು ಇವೆಲ್ಲ ಸರಿ. ಆದರೆ ನಡುನಡುವೆ ಯಾವ ಊರಿನದೂ ಅಲ್ಲದ ಶಬ್ದಗಳು ಬರುತ್ತಿದ್ದವು. ಬಾವಿಯೊಳಗಿಂದ ಯಾರೋ ಆಕಳಿಸಿದ ಹಾಗೆ, ತಗಡಿನ ಮೇಲೆ ಬೆಕ್ಕು ಜಾರಿದ ಹಾಗೆ. ಇವನ್ನು ಏನು ಬಾರಿಸಿ ತೆಗೆದರು? ನನಗೆ ಊಟ ಸೇರದಂಥ ಪ್ರಶ್ನೆ ಅದು.

ಎರಡನ್ನು ನಾನು ನಿಜವಾಗಿಯೂ ಕಂಡುಹಿಡಿದೆ. ಇದನ್ನು ಹೇಳದೆ ಮುಂದೆ ಹೋದರೆ ನೀವು ನನ್ನನ್ನು ಬರೀ ಸುಳ್ಳುಗಾರ ಅಂದುಕೊಳ್ಳುತ್ತೀರಿ.

ಒಂದು ಹಾಡಿನಲ್ಲಿ ಒಂದು ಸ್ವರ ಸಣ್ಣದಾಗಿ ಹುಟ್ಟಿ, ಉಬ್ಬುತ್ತ ಉಬ್ಬುತ್ತ ಬಂದು, ಕತ್ತರಿಸಿದ ಹಾಗೆ ಫಕ್ಕನೆ ನಿಲ್ಲುತ್ತಿತ್ತು. ಮೀಟಿದ ತಂತಿ ಹಾಗೆ ಮಾಡುವುದಿಲ್ಲ. ಮೊದಲು ಜೋರಾಗಿ ನುಡಿದು ಆಮೇಲೆ ಕರಗುತ್ತದೆ. ಮೂರು ದಿನ ತಲೆ ಕೆಡಿಸಿಕೊಂಡೆ. ನಾಲ್ಕನೆಯ ದಿನ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಒಳಗಿನ ಟೇಪಿಗೆ ಅರ್ಧ ತಿರುವು ಕೊಟ್ಟು, ಮತ್ತೆ ಸುತ್ತಿ, ಮಗುಚಿ ಹಾಕಿದೆ. ಹಾಡು ಕಂಬಳಿಯೊಳಗಿಂದ ಬಂದ ಹಾಗೆ ಮಸುಕಾಗಿ, ಕೊನೆಯಿಂದ ಮೊದಲಿಗೆ ಓಡತೊಡಗಿತು. ಹಾಡುವವನು ಭೂತ ಬಂದವನ ಹಾಗೆ ಏನೇನೋ ಒದರುತ್ತಿದ್ದ. ಆದರೆ ಆ ಒಂದು ಸ್ವರ ಮಾತ್ರ ಸಾಧು ಗಿಟಾರಾಗಿ, ಟಿಣ್ ಎಂದು ನುಡಿದು ಕರಗಿತು. ಅವರು ಗಿಟಾರನ್ನು ರೆಕಾರ್ಡು ಮಾಡಿ ಉಲ್ಟಾ ಸೇರಿಸಿದ್ದರು. ಆ ಹೊತ್ತು ನನಗಾದ ಸಂತೋಷವನ್ನು ಹಂಚಿಕೊಳ್ಳಲು ಅಂಗಡಿಯಲ್ಲಿ ಒಂದು ನೊಣವೂ ಇರಲಿಲ್ಲ.

ಇನ್ನೊಂದರಲ್ಲಿ ಗಿಟಾರು ಮಾತಾಡುತ್ತಿತ್ತು. ಅಕ್ಷರಶಃ ಮಾತು. ಒಂದು ಬೆಳಿಗ್ಗೆ ಹೆಂಡತಿ ಊದುಗೊಳವೆ ಬಾಯಿಗಿಟ್ಟುಕೊಂಡು ಒಲೆ ಊದುತ್ತಲೇ ನನ್ನನ್ನು ಬೈದಳು. ಬೈಗಳು ಕೊಳವೆಯೊಳಗಿಂದ ವಿಚಿತ್ರವಾಗಿ ಬಂತು. ಬೈಸಿಕೊಂಡವನು ಕುಣಿಯುತ್ತ ಅಂಗಡಿಗೆ ಓಡಿದೆ. ಚಿಕ್ಕ ಸ್ಪೀಕರಿಗೆ ಆಲಿಕೆ ಕವುಚಿ ಕಟ್ಟಿ, ಆಲಿಕೆಯ ತುದಿಗೆ ರಬ್ಬರ್ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟುಕೊಂಡೆ. ಗಿಟಾರಿನ ಶಬ್ದ ನನ್ನ ಬಾಯಿಗೆ ಬಂತು. ನಾನು ಶಬ್ದ ಮಾಡದೆ ತುಟಿ ಮಾತ್ರ ಆಡಿಸಿದೆ. ಗಿಟಾರು ‘ಸಾಗರಾ, ಸಾಗರಾ’ ಎಂದಿತು. ಎದುರಿನ ಟೈಲರ್ ಹೊಲಿಯುವುದನ್ನು ಬಿಟ್ಟು ಎದ್ದು ಬಂದ. ಪೈಪು ಸ್ಕೂಟರಿನಿಂದ ಪೆಟ್ರೋಲು ತೆಗೆಯುವುದಾಗಿದ್ದರಿಂದ ಎರಡು ದಿನ ಊಟಕ್ಕೆಲ್ಲ ಪೆಟ್ರೋಲಿನ ರುಚಿ.

ಈ ಎರಡರಿಂದ ನನ್ನ ಹೆಸರು ಹಬ್ಬಿತು. ಹೊಸನಗರ, ತೀರ್ಥಹಳ್ಳಿಯಿಂದ ಕಾಲೇಜಿನವರು, ಒಬ್ಬಿಬ್ಬರು ಲೆಕ್ಚರರುಗಳು ಕ್ಯಾಸೆಟ್ ಹಿಡಿದುಕೊಂಡು ಬಂದು ಇದು ಯಾವ ವಾದ್ಯ ಎಂದು ಕೇಳತೊಡಗಿದರು. ಕೇಳಿದವರಿಗೆಲ್ಲ ಉತ್ತರ ಕೊಡಬೇಕಲ್ಲ? ನನ್ನ ಹತ್ತಿರ ಹಳೆಯ ಇಂಗ್ಲಿಷ್ ನಿಘಂಟಿನಿಂದ ಬಿಚ್ಚಿಬಂದ ಒಂದು ಹಾಳೆಯಿತ್ತು. ಅದರ ತುಂಬ ವಾದ್ಯಗಳ ಚಿತ್ರ, ಕೆಳಗೆ ಹೆಸರು. ಅದನ್ನು ಗಲ್ಲಾದ ಒಳಬದಿಗೆ ಅಂಟಿಸಿಕೊಂಡಿದ್ದೆ. ಗೊತ್ತಿಲ್ಲದ ಶಬ್ದ ಬಂದರೆ ಚಿಲ್ಲರೆ ಹುಡುಕುವವನ ಹಾಗೆ ಗಲ್ಲಾ ತೆರೆದು, ಯಾವ ಚಿತ್ರದ ಮೇಲೆ ಕಣ್ಣು ಬೀಳುತ್ತದೋ ಅದರ ಹೆಸರು ಹೇಳುತ್ತಿದ್ದೆ. ಓಬೋ. ಬಸ್ಸೂನ್. ಅವರು ತಲೆಯಾಡಿಸಿ ಹೋಗುತ್ತಿದ್ದರು. ಈಗ ಫೋನಿನಲ್ಲಿ ಎಲ್ಲ ಸಿಗುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ನನ್ನ ಹಳೆಯ ತೀರ್ಪುಗಳನ್ನು ಒಂದೊಂದಾಗಿ ನೋಡುತ್ತೇನೆ. ಗುಹೆಯೊಳಗೆ ಹೆಂಗಸರು ಹಾಡುತ್ತಿದ್ದಾರೆಂದು ನಾನು ಹೇಳಿದ್ದು ಒಂದು ಪಿಯಾನೋದಂಥ ಯಂತ್ರವಂತೆ. ಅದರ ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ತುಂಡು ಇರುತ್ತದಂತೆ. ಟೇಪಿನ ಕಸುಬಿನವನಾಗಿ ಟೇಪನ್ನೇ ಗುರುತಿಸಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಇವೆಲ್ಲ ಸಣ್ಣ ಸುಳ್ಳುಗಳು. ಇವುಗಳಿಂದ ಯಾರ ಮನೆಯೂ ಬೀಳಲಿಲ್ಲ. ಈಗ ಬಿದ್ದದ್ದರ ವಿಷಯಕ್ಕೆ ಬರುತ್ತೇನೆ.

ನನ್ನ ಬೆಂಚಿನ ಮೇಲೆ ದಿನಾ ಸಂಜೆ ಬಂದು ಕೂರುತ್ತಿದ್ದವನು ನಾಗಪ್ಪಗೌಡ. ತೀರ್ಥಹಳ್ಳಿಯವನು, ಆಗ ಸಾಗರದಲ್ಲಿ ಗುಮಾಸ್ತನಾಗಿದ್ದ. ನನಗಿಂತ ಎರಡು ವರ್ಷಕ್ಕೆ ದೊಡ್ಡವನಾದ್ದರಿಂದ ನನಗೆ ನಾಗಣ್ಣ. ತಾಳಮದ್ದಲೆಗೆ ಮದ್ದಲೆ ಬಾರಿಸುವವನು. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಪ್ರಸಂಗ ನಡೆಸುವ ತಾಳಮದ್ದಲೆಯಲ್ಲಿ ಕೇಳುವವರಿಗೆ ಇರುವುದು ಕಿವಿಯೊಂದೇ. ಮದ್ದಲೆಯವನಿಗಂತೂ ಕಿವಿಯೇ ಬಂಡವಾಳ. ಒಂದು ದಿನ ಬೀದಿಯಲ್ಲಿ ಹೋಗುತ್ತಿದ್ದವನು ನನ್ನ ಅಂಗಡಿಯಿಂದ ಬಂದ ಡ್ರಮ್ಮಿನ ಸದ್ದಿಗೆ ನಿಂತ. ಹಾಡು ಮುಗಿಯುವವರೆಗೂ ನಿಂತೇ ಇದ್ದು, ಇವನು ಪದ್ಯ ಮುಗಿಸುವಾಗ ಹಾಕುವ ಬಿಡ್ತಿಗೆ ನಮ್ಮ ಮದ್ದಲೆಯದೇ, ಕೈ ಬದಲು ಕೋಲು, ಅಷ್ಟೇ ಎಂದ. ಅಂದಿನಿಂದ ನಾವಿಬ್ಬರೂ ಸ್ನೇಹಿತರು.

ಅರಣ್ಯ ಇಲಾಖೆಯ ಒಬ್ಬ ಅಧಿಕಾರಿಯ ಹತ್ತಿರ ಒಂದು ರಾಕ್ ರೆಕಾರ್ಡ್ ಇದೆ ಎಂದು ಸುದ್ದಿ ತಂದವನೂ ನಾಗಣ್ಣನೇ. ಆ ಅಧಿಕಾರಿಗೆ ವರ್ಗವಾಗಿತ್ತು, ಸಾಮಾನು ಕಟ್ಟುತ್ತಿದ್ದರು. ಬೆಳಿಗ್ಗೆ ಕೊಟ್ಟು, ಮಧ್ಯಾಹ್ನಕ್ಕೆ ಹಿಂದಕ್ಕೆ ಬೇಕು ಅಂದರು. ನಾಗಣ್ಣ ಕಚೇರಿಗೆ ಹೋಗಬೇಕಿತ್ತು. ತುಂಬಿಸಿಡು, ಒಂದು ಪಿಸಕ್ ಅನ್ನೋದೂ ಬರಬಾರದು ಎಂದು ಹೇಳಿ ಹೋದ. ನನ್ನ ಅಂಗಡಿಯ ಬೋರ್ಡಿನ ಮೇಲೂ ‘ಅಪ್ಪಟ ರೆಕಾರ್ಡಿಂಗ್’ ಎಂದೇ ಬರೆಸಿದ್ದೆ.

ಅವತ್ತೇ ರೆಕಾರ್ಡ್ ಪ್ಲೇಯರಿನಿಂದ ಕ್ಯಾಸೆಟ್ ಡೆಕ್ಕಿಗೆ ಹೋಗುವ ವೈರು ಕೈಕೊಟ್ಟಿತು. ಶಿವಮೊಗ್ಗದಿಂದ ಹೊಸದು ತರಿಸುವಷ್ಟು ಹೊತ್ತಿಲ್ಲ. ಪ್ಲೇಯರಿನ ಸ್ಪೀಕರಿನ ಎದುರಿಗೆ ಮೈಕಿರುವ ಟೇಪ್ ರೆಕಾರ್ಡರನ್ನು ಮುಖಾಮುಖಿ ಇಟ್ಟು, ಹಲಗೆ ಬಾಗಿಲು ಮುಚ್ಚಿ, ದನಿ ಜೋರು ಮಾಡಿ ಹಚ್ಚಿದೆ. ಮೊದಲ ಎರಡು ಹಾಡು ಉಸಿರು ಹಿಡಿದುಕೊಂಡು ಕೂತೆ. ಮೂರನೆಯದು ಶುರುವಾದಾಗ ಹೊಟ್ಟೆ ಹಸಿಯಿತು. ಎದುರಿನ ಹೋಟೆಲಿಗೆ ಹೋಗಿ ಎರಡು ಬನ್ಸ್ ತಿಂದು ಬಂದೆ. ನನ್ನ ತಪ್ಪಿನ ಬೇರು ಈ ಬನ್ಸ್. ವಾಪಸು ಬಂದಾಗ ರೆಕಾರ್ಡಿನ ಆ ಮಗ್ಗುಲು ಮುಗಿದು ಮುಳ್ಳಿನ ಕೆಳಗೆ ತಟ್ಟೆ ಸುಮ್ಮನೆ ತಿರುಗುತ್ತಿತ್ತು. ಇನ್ನೊಂದು ಮಗ್ಗುಲು ತುಂಬಿಸಿ, ರೆಕಾರ್ಡನ್ನು ಹಿಂದಕ್ಕೆ ಕಳಿಸಿ, ಕ್ಯಾಸೆಟ್ಟನ್ನು ಕೇಳಿ ನೋಡದೆಯೇ ಸಂಜೆ ನಾಗಣ್ಣನ ಕೈಗಿಟ್ಟೆ.

ಹದಿನೈದು ದಿನ ಬಿಟ್ಟು ನಾಗಣ್ಣ ಓಡೋಡಿ ಬಂದ. ಅಂಗಡಿಯಲ್ಲಿ ಆಗ ನಾಲ್ಕೈದು ಗಿರಾಕಿಗಳಿದ್ದರು. ಮೂರನೆಯ ಹಾಡು ಹಾಕು ಅಂದ. ಹಾಕಿದೆ. ಗಿಟಾರು, ಡ್ರಮ್ಮಿನ ಹಿಂದೆ ಎಲ್ಲೋ ದೂರದಿಂದ ಟೊಕ್, ಟೊಕ್‌ಟೊಕ್, ಟೊಕ್ ಎಂದು ಒಣಗಿದ, ಗಟ್ಟಿಯಾದ ಒಂದು ಸದ್ದು. ಹಾಡಿನ ತಾಳಕ್ಕೆ ಕೂದಲೆಳೆ ತಪ್ಪದ ಹಾಗೆ, ನಡುವೆ ಬೇಕೆಂದೇ ಒಂದು ಪೆಟ್ಟು ತಡೆದು, ಮುಂದಿನದನ್ನು ಎರಡಾಗಿ ಒಡೆದು ಬರುತ್ತಿತ್ತು.

“ಇಂಥಾ ಪೆಟ್ಟು ನಾನು ಜನ್ಮದಲ್ಲಿ ಕೇಳಿಲ್ಲ ಮಾರಾಯ. ಎಂತ ವಾದ್ಯ ಇದು?” ಎಂದ ನಾಗಣ್ಣ.

ಎರಡನೆಯ ಪೆಟ್ಟಿಗೇ ನನಗೆ ಗೊತ್ತಾಗಿತ್ತು. ಅದು ಗಣಪತಿ ಗುಡಿಗಾರನ ಮರದ ಕೊಡತಿ.

ನನ್ನ ಅಂಗಡಿಗೂ ಗಣಪತಿಯ ಕೆತ್ತನೆ ಕೊಟ್ಟಿಗೆಗೂ ನಡುವೆ ಇದ್ದದ್ದು ಒಂದು ಹಲಗೆ ಗೋಡೆ. ಗಂಧದ ಸಣ್ಣ ಕೆಲಸವಾದರೆ ಸದ್ದೇ ಇರುತ್ತಿರಲಿಲ್ಲ. ಆ ವಾರ ಅವನು ಯಾವುದೋ ದೇವಸ್ಥಾನದ ಬಾಗಿಲಿನ ದೊಡ್ಡ ಹಲಗೆ ಇಟ್ಟುಕೊಂಡಿದ್ದ. ನಾನು ಹಾಡನ್ನು ಜೋರಾಗಿ ಹಚ್ಚಿ ಬನ್ಸ್ ತಿನ್ನಲು ಹೋದಾಗ, ಗೋಡೆಯಾಚೆ ಅವನಿಗೆ ಆ ಡ್ರಮ್ಮು ಕೇಳಿ ಕೈ ತಡೆಯಲಾಗದೆ ಉಳಿಯ ತಲೆಯ ಮೇಲೆ ಕೊಡತಿಯಿಂದ ಜೊತೆಗೂಡಿದ್ದಾನೆ. ಕೆಲಸವೂ ಆಯಿತು, ತಾಳವೂ ಆಯಿತು.

ಇದನ್ನು ಅಲ್ಲೇ ಹೇಳಿದ್ದರೆ ಎಲ್ಲರೂ ನಕ್ಕು ಮುಗಿಯುತ್ತಿತ್ತು. ಆದರೆ ಗಿರಾಕಿಗಳು ನನ್ನ ಮುಖವನ್ನೇ ನೋಡುತ್ತಿದ್ದರು. ಅಪ್ಪಟ ರೆಕಾರ್ಡಿಂಗಿನ ಬೋರ್ಡು ನೆತ್ತಿಯ ಮೇಲಿತ್ತು. ಗಲ್ಲಾ ತೆರೆದೆ. ಚಿತ್ರದ ಹಾಳೆಯಲ್ಲಿ ಇಂಥ ಶಬ್ದಕ್ಕೆ ಒಗ್ಗುವ ಒಂದು ವಾದ್ಯವೂ ಕಾಣಲಿಲ್ಲ. ಗಲ್ಲಾ ಮುಚ್ಚಿ, ಬೆರಳೆತ್ತಿ, ಅದು ತಿಮಿಂಗಿಲದ ಪಕ್ಕೆಲುಬು ಎಂದೆ. ಉತ್ತರದ ಹಿಮದ ದೇಶಗಳಲ್ಲಿ ಸತ್ತ ತಿಮಿಂಗಿಲದ ಎಲುಬು ಒಣಗಿಸಿ ಕೋಲಿನಿಂದ ಬಾರಿಸುತ್ತಾರೆ, ಬಹಳ ಅಪರೂಪ, ಪ್ರಪಂಚದಲ್ಲಿ ನಾಲ್ಕೋ ಐದೋ ಇರಬಹುದು ಎಂದೂ ಸೇರಿಸಿದೆ. ಸಾಗರದಲ್ಲಿ ತಿಮಿಂಗಿಲ ತಂದು ಪರೀಕ್ಷೆ ಮಾಡುವವರು ಯಾರಿದ್ದಾರೆ?

ನಾಗಣ್ಣ ಕಣ್ಣು ಮುಚ್ಚಿ ಆ ಹಾಡನ್ನು ಇನ್ನೊಂದು ಸಲ ಕೇಳಿದ. ಎಲುಬಿನೊಳಗಿನ ಟೊಳ್ಳು ಕೇಳ್ತದೆ ನೋಡು ಅಂದ. ನನಗೂ ಕೇಳಿದ ಹಾಗಾಯಿತು.

ಅವನು ಅದನ್ನು ಕೇಳಿ ಸುಮ್ಮನಿರಲಿಲ್ಲ. ಮದ್ದಲೆಯ ಅಂಚಿನ ಮೇಲೆ ಬೆರಳ ತುದಿಯಿಂದ ಅಂಥದೇ ಒಣ ಪೆಟ್ಟು ತರಲು ವರ್ಷಗಟ್ಟಲೆ ಒದ್ದಾಡಿದ. ತಂದ. ವೀರರಸದ ಪದ್ಯದಲ್ಲಿ ಒಂದು ಪೆಟ್ಟು ನುಂಗಿ ಮುಂದಿನದನ್ನು ಎರಡಾಗಿ ಒಡೆಯುವುದು ಅವನ ಗುರುತೇ ಆಯಿತು. ಪ್ರಸಂಗದಲ್ಲಿ ಮಾತಾಡುವ ಅರ್ಥಧಾರಿಗಳು ಅದಕ್ಕೆ ತಿಮಿಂಗಿಲ ಎಂದೇ ಹೆಸರಿಟ್ಟರು. ಗಣಪತಿ ತೀರಿಹೋಗಿ ಎಂಟು ವರ್ಷವಾಯಿತು. ನೀನು ಒಂದು ರಾಕ್ ಹಾಡಿಗೆ ಬಾರಿಸಿದ್ದೀಯ ಎಂದು ಅವನಿಗೂ ನಾನು ಹೇಳಲಿಲ್ಲ. ಹೇಳಿದ್ದರೆ ಕೊಟ್ಟಿಗೆ ಹಾರಿಹೋಗುವಷ್ಟು ನಗುತ್ತಿದ್ದ. ಆ ನಗುವನ್ನೂ ಅವನಿಂದ ಕದ್ದ ಹಾಗಾಯಿತು.

ಕ್ಯಾಸೆಟ್ಟುಗಳ ಕಾಲ ಮುಗಿಯಿತು. ನಾಗಣ್ಣನ ಆ ಕ್ಯಾಸೆಟ್ಟಿಗೆ ಬೂಸಲು ಹಿಡಿದು, ಟೇಪು ಯಂತ್ರಕ್ಕೆ ಸಿಕ್ಕಿ ಚೂರಾಯಿತು. ಅವನು ನಿವೃತ್ತನಾಗಿ ತೀರ್ಥಹಳ್ಳಿಗೆ ಹೋದ. ನನ್ನ ಅಂಗಡಿಯೂ ಮುಚ್ಚಿತು. ತಪ್ಪು ಅಲ್ಲಿಗೆ ಸತ್ತಿತು ಅಂದುಕೊಂಡಿದ್ದೆ.

ಹೋದ ವರ್ಷ ನಾಗಣ್ಣ ಹೊಸ ಫೋನು ತೆಗೆದುಕೊಂಡು, ಅದರಲ್ಲಿ ಹಳೆಯ ಹಾಡುಗಳನ್ನು ಹುಡುಕುವುದನ್ನು ಕಲಿತ. ಆ ರೆಕಾರ್ಡಿನ ಮೇಲಿದ್ದ ಚಿತ್ರ ನೆನಪಿಟ್ಟುಕೊಂಡು ಅದನ್ನೂ ಹುಡುಕಿ ತೆಗೆದ. ಬೆಳಿಗ್ಗೆ ಎಂಟಕ್ಕೇ ನನಗೆ ಫೋನು ಬಂತು.

“ಶ್ರೀಧರ, ನಂಗೆ ತಿಮಿಂಗಿಲ ಕೇಳ್ತಾ ಇಲ್ಲ,” ಅಂದ.

ದನಿಯಲ್ಲಿ ನಗುವಿರಲಿಲ್ಲ. ಹಾಡು ಸಿಕ್ಕಿದೆ, ಗಿಟಾರು ಕೇಳುತ್ತದೆ, ಡ್ರಮ್ಮು ಕೇಳುತ್ತದೆ, ಆ ಪೆಟ್ಟೊಂದು ಇಲ್ಲ, ಹತ್ತು ಸಲ ಹಾಕಿ ನೋಡಿದೆ ಎಂದ. ಸತ್ಯ ಹೇಳಲು ದೇವರು ಕೊಟ್ಟ ಎರಡನೆಯ ಅವಕಾಶ ಅದು. ನಾನು ಹೇಳಿದ್ದೇನು ಗೊತ್ತೇ? ಫೋನಿನ ಸ್ಪೀಕರು ಸಣ್ಣದು ನಾಗಣ್ಣ, ಎಲುಬಿನ ಶಬ್ದವನ್ನು ಅದು ಹಿಡಿಯುವುದಿಲ್ಲ.

ಅವನು ಒಳ್ಳೆಯ ಹೆಡ್‌ಫೋನ್ ತರಿಸಿದ. ಆಗಲೂ ಕೇಳಲಿಲ್ಲ. ಆಮೇಲೆ ಒಂದು ತಿಂಗಳು ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಮಾಡಿದ್ದು ಅವನ ಹೆಂಡತಿ ಸುಶೀಲಕ್ಕ. ನಾಗಣ್ಣ ಶಿವಮೊಗ್ಗಕ್ಕೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದ್ದನಂತೆ. ವಯಸ್ಸಿಗೆ ತಕ್ಕಷ್ಟು ಸ್ವಲ್ಪ ಕಡಿಮೆಯಾಗಿದೆ, ಬೇಕಾದರೆ ಯಂತ್ರ ಹಾಕಿಕೊಳ್ಳಿ ಅಂದಿದ್ದರಂತೆ. ಯಂತ್ರ ಹಾಕಿಕೊಂಡು ಮತ್ತೆ ಅದೇ ಹಾಡು ಕೇಳಿದ್ದಾನೆ. ಇಲ್ಲ. ಅಷ್ಟು ಗಟ್ಟಿ ಪೆಟ್ಟೇ ಕೇಳದವನು ಹಾಡುವ ಭಾಗವತರ ಶ್ರುತಿ ಏನು ಕೇಳಿಯಾನು, ಇಷ್ಟು ದಿನ ಯಾರೂ ಮುಖಕ್ಕೆ ಹೇಳಲಿಲ್ಲವಷ್ಟೇ ಎಂದು ತಾನೇ ತೀರ್ಮಾನ ಮಾಡಿ, ಮದ್ದಲೆಯನ್ನು ರಿಪ್ಪನ್‌ಪೇಟೆಯ ಸುಬ್ರಾಯ ಭಾಗವತರಿಗೆ ಕೊಟ್ಟು ಬಂದಿದ್ದಾನೆ.

“ಕೊಟ್ಟು ಬಂದವ್ರು ಮೂಲೇಲಿ ಕೂತುಬಿಟ್ಟಿದ್ದಾರೆ ಅಣ್ಣಾ,” ಅಂದರು ಸುಶೀಲಕ್ಕ. “ಅವ್ರ ಕಿವಿಗೆ ಎಂತದೂ ಆಗಿಲ್ಲ. ನಾನು ಅಡಿಗೆಮನೇಲಿ ಗೊಣಗಿದ್ದೂ ಅವ್ರಿಗೆ ಕೇಳ್ತದೆ. ಹೇಳಿದ್ರೆ ನಂಬಲ್ಲ. ನೀವಾದ್ರೂ ಬಂದು ಹೇಳಿ, ಶಬ್ದದ ವಿಷಯದಲ್ಲಿ ನಿಮ್ಮ ಮಾತು ಅಂದ್ರೆ ಅವ್ರಿಗೆ ವೇದ.”

ವೇದ ಅನ್ನುವ ಮಾತು ಕೇಳಿ, ಬರುತ್ತೇನೆ ಎಂದಷ್ಟೇ ಹೇಳಿ ಫೋನಿಟ್ಟೆ.

ಮಾರನೆಯ ದಿನ ವರದಹಳ್ಳಿಗೆ, ಶ್ರೀಧರ ಸ್ವಾಮಿಗಳ ಸಮಾಧಿಗೆ ಹೋದೆ. ನಾನು ಹುಟ್ಟುವಾಗ ಅಮ್ಮ ಅಲ್ಲಿಗೆ ಹರಕೆ ಹೊತ್ತು ನನಗೆ ಶ್ರೀಧರನೆಂದು ಹೆಸರಿಟ್ಟವಳು. ಮೆಟ್ಟಿಲು ಹತ್ತಿ, ಕೈಮುಗಿದು, ಮನಸ್ಸಿನೊಳಗೆ ಎಲ್ಲವನ್ನೂ ಒಪ್ಪಿಸಿದೆ. ಬನ್ಸ್ ತಿಂದದ್ದನ್ನೂ ಬಿಡಲಿಲ್ಲ. ಮನಸ್ಸು ಹಗುರಾಯಿತು ಅಂದುಕೊಂಡು ಇಳಿಯುತ್ತಿದ್ದಾಗ ಅರ್ಧ ದಾರಿಯಲ್ಲಿ ಹೊಳೆಯಿತು: ಕಿವಿ ಹೋಯಿತೆಂದು ಮೂಲೆ ಸೇರಿದವನು ನಾಗಣ್ಣ, ಸ್ವಾಮಿಗಳಲ್ಲ. ಅವರಿಗೆ ಹೇಳಿ ಏನು ಬಂತು?

ಮರುದಿನ ನಸುಕಿಗೇ ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಅವರ ಮನೆ ತಲುಪಿದಾಗ ತಿಂಡಿಯ ಹೊತ್ತು. ನಾಗಣ್ಣ ಮಣೆಯ ಮೇಲೆ ಕೂತಿದ್ದ. ಬಲಗಿವಿಯಲ್ಲಿ ಯಂತ್ರ. ಚಮಚ ತಟ್ಟೆಗೆ ತಾಗಿದರೆ ಸಾಕು, ಪಟಾಕಿ ಹೊಡೆದ ಹಾಗೆ ಬೆಚ್ಚುತ್ತಿದ್ದ. ಸುಶೀಲಕ್ಕ ಅಕ್ಕಿರೊಟ್ಟಿ ಹಾಕಿದರು. ಮೊದಲ ರೊಟ್ಟಿಗೇ ಹೇಳಿಬಿಡಬೇಕೆಂದಿದ್ದೆ. ಹೇಳಿದ ಮೇಲೆ ಎರಡನೆಯದು ಸಿಗದೆ ಹೋಗಬಹುದು ಅನ್ನಿಸಿ ತಡೆದೆ. ಮೂರನೆಯದೂ ಮುಗಿದ ಮೇಲೆ ಇನ್ನು ತಳ್ಳಲು ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಎಲ್ಲವನ್ನೂ ಹೇಳಿದೆ. ವೈರು ಕೈಕೊಟ್ಟಿದ್ದು, ಮುಖಾಮುಖಿ ಇಟ್ಟಿದ್ದು, ಬನ್ಸ್, ಗಣಪತಿಯ ಕೊಡತಿ, ಗಲ್ಲಾದ ಹಾಳೆ. ತಿಮಿಂಗಿಲ ಎನ್ನುವುದು ಬಾಯಿಗೆ ಬಂದದ್ದು. ಫೋನಿನ ಸ್ಪೀಕರಿನ ಸುಳ್ಳು. ಆ ಹಾಡಿನಲ್ಲಿ ಅಂಥ ಪೆಟ್ಟು ಎಂದೂ ಇರಲಿಲ್ಲ ನಾಗಣ್ಣ, ನೀನು ಕೇಳದ್ದು ಸರಿಯಾಗಿಯೇ ಇದೆ ಎಂದೆ.

ಸುಶೀಲಕ್ಕ ಒಲೆಯ ಹತ್ತಿರ ನಿಂತಲ್ಲೇ ನಿಂತಿದ್ದರು, ರೊಟ್ಟಿ ಕರಟುತ್ತಿತ್ತು. ನಾಗಣ್ಣ ಕಿವಿಯ ಯಂತ್ರವನ್ನು ತೆಗೆದು ತಟ್ಟೆಯ ಪಕ್ಕದಲ್ಲಿಟ್ಟ.

“ಮೊದ್ಲು ಹೇಳು,” ಎಂದ. “ನಾನು ನಿನ್ನ ಅಂಗಡೀಲಿ ಕೇಳಿದ್ದು ಕೇಳಿದ್ದೇ ಹೌದಾ?”

“ಹೌದು.”

“ಮನೇಲಿ ಕೇಳದೆ ಇದ್ದಿದ್ದು, ಇಲ್ಲದೇ ಇದ್ದಿದ್ಕೆ?”

“ಹೌದು ನಾಗಣ್ಣ.”

“ಹಂಗಾದ್ರೆ ಕಿವಿ ಇದೆ.” ಯಂತ್ರವನ್ನು ತಟ್ಟೆಯಿಂದ ಆಚೆ ಸರಿಸಿದ. “ಮದ್ದಲೆ ಇಲ್ಲ. ಕೊಟ್ಟಿದ್ದನ್ನ ವಾಪಸ್ ಕೇಳೋ ಮುಖ ನಂಗಿಲ್ಲ. ನೀನು ಕೇಳು. ಯಾಕೆ ಅಂತ ಅಲ್ಲಿದ್ದವ್ರ ಎಲ್ಲಾರ ಎದುರಿಗೂ ಹೇಳು. ಹೇಳ್ದಾಗ ನಾನು ಪಕ್ಕದಲ್ಲೇ ಕೂತಿರ್ತೀನಿ.”

ಸುಶೀಲಕ್ಕ ಕರಟಿದ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದರು. ತಿಂದೆ.

ರಿಪ್ಪನ್‌ಪೇಟೆಗೆ ಹೋಗುವ ಬಸ್ಸಿನಲ್ಲಿ ನಾಗಣ್ಣ ನನ್ನ ಹಿಂದಿನ ಸೀಟಿನಲ್ಲಿ ಕೂತ. ಪಕ್ಕದಲ್ಲಿ ಜಾಗವಿತ್ತು. ಕುತ್ತಿಗೆಯ ಹಿಂದೆ ಅವನ ಉಸಿರು ಬಂದಾಗಲೆಲ್ಲ ನಾನು ಒಂದಿಷ್ಟು ಕುಗ್ಗುತ್ತಿದ್ದೆ.

ಸುಬ್ರಾಯ ಭಾಗವತರ ಮನೆ ಪೇಟೆಯ ಹಿಂದಿನ ಬೀದಿಯಲ್ಲಿ. ಅವತ್ತು ಮಧ್ಯಾಹ್ನ ಅವರಲ್ಲಿ ಅಭ್ಯಾಸವಿತ್ತು. ಜಗಲಿಯ ಮೇಲೆ ಆರೇಳು ಜನ ಕೂತಿದ್ದರು, ಎಲ್ಲರೂ ತಿಮಿಂಗಿಲದ ಪೆಟ್ಟನ್ನು ಬಲ್ಲವರೇ. ನಾನು ನಿಂತುಕೊಂಡೇ ಹೇಳಿದೆ. ಹೈಸ್ಕೂಲಿನಲ್ಲಿ ಪದ್ಯ ಬಾಯಿಪಾಠ ಒಪ್ಪಿಸಿದ ಮೇಲೆ ಅಷ್ಟು ಜನರ ಎದುರು ನಾನು ಮಾತಾಡಿದ್ದೇ ಇಲ್ಲ. ನಡುವೆ ಒಬ್ಬರು ನಗಲು ಹೊರಟರು. ನಾಗಣ್ಣನ ಮುಖ ನೋಡಿ ಎಲೆ ಅಡಿಕೆಯ ತಟ್ಟೆಗೆ ಕೈ ಹಾಕಿದರು.

ಮುಗಿದ ಮೇಲೆ ಭಾಗವತರು ನನ್ನನ್ನು ಕೇಳಿದ್ದು ಒಂದೇ. “ಇಷ್ಟು ವರ್ಷ ಹೆಂಗ್ರೀ ಇಟ್ಕಂಡಿದ್ರಿ ಹೊಟ್ಟೇಲಿ?” ಅವರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿ ತಮ್ಮ ಮನೆಮಾತಿನಲ್ಲಿ ಕೇಳಿದರು. “ಏ, ನಾಗಣ್ಣನ ಮದ್ದಲೆ ಎಲ್ಲಿದ್ದೇ?”

“ಇಲ್ಲೇ ಇದ್ದು, ಬತ್ತೆ,” ಎಂದು ಒಳಗಿಂದ ದನಿ ಬಂತು.

ಮದ್ದಲೆ ಬಂತು. ನಾಗಣ್ಣ ಕೊಟ್ಟುಹೋದಾಗ ಹೊದೆಸಿದ್ದ ಬಟ್ಟೆಯನ್ನು ಯಾರೂ ಬಿಚ್ಚಿರಲಿಲ್ಲ. ನಾವು ಮುಟ್ಟಲಿಲ್ಲ ನಾಗಣ್ಣ, ನೀವು ಬರ್ತೀರಿ ಅಂತಿದ್ವಿ ಎಂದರು ಭಾಗವತರು. ಆದರೂ ಸುಮ್ಮನೆ ಕೊಡುವವರಲ್ಲ ಅವರು. ಹಾರ್ಮೋನಿಯಂ ಎಳೆದುಕೊಂಡು ಶ್ರುತಿ ಹಿಡಿದು, ಸೇರಿಸಿ ನೋಡೋಣ ಎಂದರು.

ನಾಗಣ್ಣ ಮದ್ದಲೆಯನ್ನು ತೊಡೆಗೆ ತೆಗೆದುಕೊಂಡು ಬೆರಳಿನಿಂದ ಒಮ್ಮೆ ಮೀಟಿದ. ಕಿವಿ ಬಾಗಿಸಿದ. ಸುತ್ತಿಗೆಯಿಂದ ಅಂಚಿಗೆ ಒಂದೆರಡು ಪೆಟ್ಟು ಕೊಟ್ಟು ಮತ್ತೆ ಮೀಟಿದ. ಹಣೆ ಗಂಟಿಕ್ಕಿದ. ಡಾಕ್ಟರು ಸ್ವಲ್ಪ ಕಡಿಮೆ ಎಂದದ್ದು ಸುಳ್ಳಲ್ಲವಲ್ಲ, ನನ್ನ ತಿಮಿಂಗಿಲ ತೆಗೆದುಹಾಕಿದ ಮೇಲೂ ಅದು ಉಳಿದೇ ಇರುತ್ತದೆ. ಇಲ್ಲಿ ಎಲ್ಲರ ಎದುರು ಶ್ರುತಿ ಸೇರದೆ ಹೋದರೆ ಆ ಮನುಷ್ಯ ಮತ್ತೆ ಮದ್ದಲೆ ಮುಟ್ಟುವುದಿಲ್ಲ. ಆಗ ನಾನು ಎಷ್ಟು ಜಗಲಿಗಳ ಮೇಲೆ ನಿಂತು ಏನು ಹೇಳಿದರೂ ಅದು ಸರಿಯಾಗುವುದಿಲ್ಲ.

ನಾಗಣ್ಣ ಕೈ ನಿಲ್ಲಿಸಿ ಭಾಗವತರನ್ನು ನೋಡಿದ.

“ಭಾಗವತ್ರೇ, ನಿಮ್ದು ಎರಡು ರೀಡು ಒಟ್ಟಿಗೆ ನುಡೀತಾ ಇದಾವೆ. ಅದ್ರಲ್ಲಿ ಒಂದ್ರ ಶ್ರುತಿ ಇಳ್ದಿದೆ. ಯಾವುದಕ್ಕೆ ಸೇರಿಸ್ಲಿ?”

ಭಾಗವತರು ಬಗ್ಗಿ ಕಿವಿಯಿಟ್ಟರು. ಹಾರ್ಮೋನಿಯಮ್ಮಿನ ಒಂದು ಗುಂಡಿಯನ್ನು ಒಳಗೆ ತಳ್ಳಿ ಒಂದೇ ರೀಡನ್ನು, ಒಂದೇ ಹಿತ್ತಾಳೆ ನಾಲಿಗೆಯನ್ನು, ನುಡಿಸಿದರು, ಮತ್ತೆ ಎಳೆದು ಎರಡನ್ನೂ ಕೇಳಿದರು. ಎರಡು ತಿಂಗಳಿಂದ ಹಾಡುವಾಗೆಲ್ಲ ಏನೋ ಕಿರಿಕಿರಿ ಆಗ್ತಿತ್ತು, ಏನಂತ ಗೊತ್ತಾಗಿರಲಿಲ್ಲ ಎಂದರು. ಇಳಿದದ್ದನ್ನು ಮುಚ್ಚಿ ಇನ್ನೊಂದನ್ನು ಹಿಡಿದರು. ನಾಗಣ್ಣ ನಾಲ್ಕು ಪೆಟ್ಟಿನಲ್ಲಿ ಮದ್ದಲೆಯನ್ನು ಅದಕ್ಕೆ ಕೂರಿಸಿದ.

ಆಮೇಲೆ ಒಂದು ಗಂಟೆ ಅವರು ಬಾರಿಸಿದರು, ಹಾಡಿದರು. ವೀರರಸದ ಪದ್ಯ ಬಂದಾಗ ಒಬ್ಬರು ನಾಗಣ್ಣ, ತಿಮಿಂಗಿಲ ಬರಲಿ ಎಂದರು. ಇನ್ನು ಮೇಲೆ ಅದಕ್ಕೆ ಗಣಪತಿ ಪೆಟ್ಟು ಅನ್ನಿ, ಸಾಗರದವನದು ಎಂದು ನಾಗಣ್ಣ ಹೇಳಿ, ಒಂದು ಪೆಟ್ಟು ನುಂಗಿ ಮುಂದಿನದನ್ನು ಎರಡಾಗಿ ಒಡೆದ. ನಾನು ಕಂಬಕ್ಕೆ ಒರಗಿ ಕೂತಿದ್ದೆ. ನನ್ನನ್ನು ಅವನು ಒಮ್ಮೆಯೂ ನೋಡಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿಗೆ ನಡೆದೆವು. ಅವನು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಮದ್ದಲೆ ಅವನ ಹೆಗಲ ಮೇಲಿತ್ತು. ಮದ್ದಲೆಯವರು ತಮ್ಮ ವಾದ್ಯವನ್ನು ಹೊರಲು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ನಾಗಣ್ಣನಂತೂ ಸುಶೀಲಕ್ಕನ ಕೈಗೂ ಕೊಟ್ಟವನಲ್ಲ. ಸ್ಟ್ಯಾಂಡಿನಲ್ಲಿ ಎರಡು ಬಸ್ಸು ನಿಂತಿದ್ದವು. ಒಂದು ಸಾಗರದ್ದು, ಇನ್ನೊಂದು ತೀರ್ಥಹಳ್ಳಿಯದು. ಬರ್ತೀನಿ ನಾಗಣ್ಣ ಎಂದು ಮೆಲ್ಲಗೆ ಹೇಳಿ ನನ್ನ ಬಸ್ಸಿನ ಕಡೆ ತಿರುಗಿದೆ.

“ಹಿಡಿ,” ಅಂದ.

ತಿರುಗಿ ನೋಡಿದರೆ ಮದ್ದಲೆಯನ್ನು ಎರಡೂ ಕೈಯಲ್ಲಿ ನನ್ನ ಕಡೆ ಚಾಚಿದ್ದ. “ಹುಷಾರು. ಕಂಬಿಗೆ ತಾಗಿಸ್ಬೇಡ.”

ಹಿಡಿದುಕೊಂಡೆ. ಅಂದುಕೊಂಡದ್ದಕ್ಕಿಂತ ಭಾರವಿತ್ತು, ಬಿಸಿಯಿತ್ತು. ಅವನು ಭುಜ ನೀವಿಕೊಳ್ಳುತ್ತ ತೀರ್ಥಹಳ್ಳಿಯ ಬಸ್ಸು ಹತ್ತಿ, ಎರಡು ಜನ ಕೂರುವ ಸೀಟಿನಲ್ಲಿ ಕಿಟಕಿಯ ಕಡೆ ಸರಿದು ಕೂತ. ಮದ್ದಲೆಯನ್ನು ಎದೆಗವಚಿಕೊಂಡು ನಾನೂ ಹತ್ತಿದೆ. ಸಾಗರದ ಬಸ್ಸು ನನ್ನ ಕಣ್ಣೆದುರಿಗೇ ಹೊರಟುಹೋಯಿತು.